ನೌಕರಿಯಲ್ಲಿದ್ದುಕೊಂಡೇ ಡಿಗ್ರಿ, ಪಿಎಚ್‌.ಡಿ: ಸರ್ಕಾರ ಏನು ಕೊಡುತ್ತೆ, ಏನು ಕೊಡಲ್ಲ? ಸರ್ಕಾರಿ ನೌಕರರಿಗೆ ಇಲ್ಲಿದೆ ಪೂರ್ತಿ ಮಾಹಿತಿ

ಮಂಡ್ಯ: ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದ ಕಾನ್ಸ್‌ಟೇಬಲ್‌ಗೆ ಡಿಗ್ರಿ ಮಾಡುವ ಆಸೆ. ಪ್ರಾಥಮಿಕ ಶಾಲೆ ಶಿಕ್ಷಕಿಗೆ ಬಿ.ಇಡಿ ಬೇಕು. ತಾಲ್ಲೂಕು ಕಚೇರಿಯ ಎಸ್‌ಡಿಎಗೆ ಎಂ.ಎ ಮುಗಿಸುವ ಹಂಬಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಎಂ.ಡಿ ಸೀಟಿನ ಚಿಂತೆ. ಎಲ್ಲರ ಪ್ರಶ್ನೆಯೂ ಒಂದೇ: ‘ಓದ್ತೀನಿ ಅಂದ್ರೆ ಸರ್ಕಾರ ಏನಾದ್ರೂ ಸಹಾಯ ಮಾಡುತ್ತಾ?’

ಮಾಡುತ್ತೆ. ಆದರೆ ಎಲ್ಲರಿಗೂ ಒಂದೇ ಥರ ಅಲ್ಲ, ತಾನಾಗೇ ಬರುವುದೂ ಇಲ್ಲ. ಲಿಖಿತ ಅನುಮತಿ ಪಡೆದು ಓದಿದವರಿಗೂ, ಓದು ಮುಗಿಸಿ ಆಮೇಲೆ ಕಾಗದ ಹಿಡಿದು ಕಚೇರಿ ಸುತ್ತುವವರಿಗೂ ಬಹಳ ವ್ಯತ್ಯಾಸವಿದೆ. ಅದಕ್ಕೇ ಫೀಸು ಕಟ್ಟುವ ಮೊದಲು ಇದನ್ನೊಮ್ಮೆ ಓದಿ.

ನೆರವು ಅಂದ್ರೆ ನಾಲ್ಕು ಥರ

ಸರ್ಕಾರ ತನ್ನ ನೌಕರನ ಓದಿಗೆ ಕೊಡುವ ನೆರವನ್ನು ನಾಲ್ಕು ಭಾಗ ಮಾಡಿ ನೋಡಬಹುದು.

1. ಅನುಮತಿ: ‘ಓದಬಹುದು, ನಮ್ಮ ಆಕ್ಷೇಪ ಇಲ್ಲ’ ಎನ್ನುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ.
2. ಸಮಯ: ತರಗತಿಗೆ, ಪರೀಕ್ಷೆಗೆ ಸಿಗುವ ರಜೆ.
3. ಸಂಬಳ: ಓದುವ ಅವಧಿಯಲ್ಲೂ ವೇತನ ಬರುವ ನಿಯೋಜನೆ ಅಥವಾ ಅಧ್ಯಯನ ರಜೆ.
4. ಹಣ: ಓದು ಮುಗಿಸಿದ ಮೇಲೆ ಬರುವ ಪ್ರೋತ್ಸಾಹಧನ, ಅಪರೂಪಕ್ಕೆ ಫೀಸು.

ಬಹುಪಾಲು ನೌಕರರಿಗೆ ಸಿಗುವುದು ಮೊದಲ ಎರಡು ಮಾತ್ರ. ಮೂರನೆಯದು ಕೆಲವು ಇಲಾಖೆ, ಕೆಲವು ಹುದ್ದೆಗಳಿಗೆ. ನಾಲ್ಕನೆಯದು ಹೆಚ್ಚಾಗಿ ಕೇಂದ್ರ ಸರ್ಕಾರದ ನೌಕರರಿಗೆ. ಮೊದಲನೆಯದನ್ನು ಬಿಟ್ಟರೆ ಉಳಿದ ಮೂರೂ ಕೈ ತಪ್ಪುವ ಸಾಧ್ಯತೆಯೇ ಜಾಸ್ತಿ.

ಮೊದಲು ಅನುಮತಿ, ಆಮೇಲೆ ಅಡ್ಮಿಶನ್

‘ದೂರಶಿಕ್ಷಣ ತಾನೇ, ಭಾನುವಾರ ಓದ್ಕೋತೀನಿ, ಸಾಹೇಬ್ರನ್ನ ಯಾಕೆ ಕೇಳ್ಬೇಕು?’ ಎನ್ನುವವರು ಪ್ರತಿ ಕಚೇರಿಯಲ್ಲೂ ಇದ್ದಾರೆ. ಪದವಿ ಮುಗಿಸಿ, ಅದನ್ನು ಸೇವಾ ಪುಸ್ತಕದಲ್ಲಿ (ಎಸ್‌ಆರ್) ಸೇರಿಸಿ ಎಂದು ಹೋದಾಗ ಬರುವ ಮೊದಲ ಪ್ರಶ್ನೆಯೇ ‘ಪೂರ್ವಾನುಮತಿ ಆದೇಶದ ಪ್ರತಿ ಎಲ್ಲಿ?’ ಎಸ್‌ಆರ್‌ನಲ್ಲಿ ನಮೂದಾಗದ ಪದವಿ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತೆ, ಜ್ಯೇಷ್ಠತಾ ಪಟ್ಟಿಯಲ್ಲಿ ಕಾಣಲ್ಲ.

ಅರ್ಜಿ ಹಾಕುವಾಗ ಗಮನದಲ್ಲಿರಲಿ:

- ಅರ್ಜಿ ನೇರವಾಗಿ ಮೇಲಿನ ಕಚೇರಿಗೆ ಹೋಗುವಂತಿಲ್ಲ. ನಿಮ್ಮ ಕಚೇರಿ ಮುಖ್ಯಸ್ಥರ ಮೂಲಕವೇ ಹೋಗಬೇಕು. ಶಿಕ್ಷಕರಾದರೆ ಮುಖ್ಯ ಶಿಕ್ಷಕರು, ಬಿಇಒ ಮೂಲಕ. ಕಂದಾಯ ಇಲಾಖೆಯಾದರೆ ತಹಸೀಲ್ದಾರ್ ಮೂಲಕ.
- ಕೋರ್ಸ್ ಹೆಸರು, ವಿಶ್ವವಿದ್ಯಾಲಯ, ಅವಧಿ, ರೆಗ್ಯುಲರ್ರೋ ದೂರಶಿಕ್ಷಣವೋ, ತರಗತಿ ಯಾವ ದಿನ, ಯಾವ ಹೊತ್ತು ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ.
- ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ‘ಸರ್ ಹತ್ರ ಮಾತಾಡಿದೀನಿ, ಆಗುತ್ತೆ ಅಂದ್ರು’ ಎನ್ನುವುದು ಅನುಮತಿ ಅಲ್ಲ. ಆ ಸರ್ ನಾಳೆ ವರ್ಗ ಆಗಬಹುದು.
- ಪ್ರೊಬೇಷನ್ ಅವಧಿ ರಾಜ್ಯದಲ್ಲಿ ಸಾಮಾನ್ಯವಾಗಿ ಕನಿಷ್ಠ 2 ವರ್ಷ. ಅದು ತೃಪ್ತಿಕರ ಎಂದು ಘೋಷಣೆಯಾದ ಆದೇಶ ಕೈಲಿದ್ದರೆ ಅರ್ಜಿಗೆ ಬಲ.
- ಬೇರೆ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆಗೆ ತೆಗೆದುಕೊಂಡ ಎನ್‌ಒಸಿಯನ್ನು ಓದಿನ ಅನುಮತಿ ಎಂದು ತೋರಿಸಲು ಬರುವುದಿಲ್ಲ. ಎರಡೂ ಬೇರೆ ಬೇರೆ.

ಕೆಲಸಕ್ಕೆ ಸೇರುವ ಮೊದಲೇ ಕೋರ್ಸ್ ಶುರುವಾಗಿದ್ದರೆ? ಸೇರಿದ ಕೂಡಲೇ ಲಿಖಿತವಾಗಿ ತಿಳಿಸಿ, ಮುಂದುವರಿಸಲು ಅನುಮತಿ ಕೇಳಿ. ಮುಚ್ಚಿಟ್ಟರೆ ಮುಂದೆ ಉತ್ತರ ಕೊಡಬೇಕಾದವರು ನೀವೇ.

ಯಾವ ಕೋರ್ಸ್ ಡ್ಯೂಟಿ ಜೊತೆ ಆಗುತ್ತೆ, ಯಾವುದು ಆಗಲ್ಲ?

*ಬಿ.ಎ, ಬಿ.ಕಾಂ, ಎಂ.ಎ, ಎಂ.ಕಾಂ:* ದೂರಶಿಕ್ಷಣವೇ ಸುಲಭದ ದಾರಿ. ನಮ್ಮ ಜಿಲ್ಲೆಯವರಿಗೆ ಹತ್ತಿರ ಇರೋದು ಮೈಸೂರಿನ ಮುಕ್ತಗಂಗೋತ್ರಿಯಲ್ಲಿರುವ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ (ಕೆಎಸ್‌ಒಯು). ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಇನ್ನೊಂದು ಆಯ್ಕೆ. ಮಾನ್ಯತೆ ಇರುವ ಸಂಸ್ಥೆಯಿಂದ ದೂರಶಿಕ್ಷಣದಲ್ಲಿ ಪಡೆದ ಪದವಿ, ರೆಗ್ಯುಲರ್ ಪದವಿಗೆ ಸಮ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಸೆಪ್ಟೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಇಲ್ಲಿ ‘ಮಾನ್ಯತೆ ಇರುವ’ ಎಂಬುದೇ ಮುಖ್ಯ. ಕೆಎಸ್‌ಒಯು ವಿಷಯದಲ್ಲಿ ಏನಾಯಿತು ಎಂದು ನಮ್ಮ ಭಾಗದ ಜನಕ್ಕೆ ಗೊತ್ತೇ ಇದೆ. 2012–13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018–19ರಿಂದ. ನಡುವೆ ಸೇರಿದ್ದ ವಿದ್ಯಾರ್ಥಿಗಳು, ಅವರಲ್ಲಿ ನೌಕರರೂ ಇದ್ದರು, ವರ್ಷಗಟ್ಟಲೆ ಪರದಾಡಿದರು. ತಪ್ಪು ಅವರದ್ದಾಗಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯದ ಹೆಸರು ದೊಡ್ಡದು ಎಂಬುದು ಸಾಲದು. ನೀವು ಸೇರುವ ವರ್ಷಕ್ಕೆ, ನೀವು ಸೇರುವ ಕೋರ್ಸ್‌ಗೆ ಮಾನ್ಯತೆ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೋ (ಡಿಇಬಿ) ವೆಬ್‌ಸೈಟ್‌ನಲ್ಲಿ ನೋಡಿ, ಆ ಪುಟದ ಪ್ರಿಂಟ್ ತೆಗೆದು ಅರ್ಜಿಗೆ ಲಗತ್ತಿಸಿ. 2024ರಿಂದ ದೂರಶಿಕ್ಷಣ, ಆನ್‌ಲೈನ್ ಕೋರ್ಸ್‌ಗೆ ಸೇರಲು ಡಿಇಬಿ-ಐಡಿ ಕಡ್ಡಾಯ. ‘ಐಡಿ ಬೇಡ, ದುಡ್ಡು ಕಟ್ಟಿ ಸಾಕು’ ಎನ್ನುವ ಏಜೆಂಟರಿಂದ ದೂರ ಇರಿ.

*ಬಿ.ಇಡಿ:* 2 ವರ್ಷದ ಕೋರ್ಸ್. ಶಾಲಾ ಇಂಟರ್ನ್‌ಶಿಪ್ ಇರುತ್ತೆ. ದೂರಶಿಕ್ಷಣದ ಬಿ.ಇಡಿ ಎಲ್ಲರಿಗೂ ಇಲ್ಲ. ಸೇವೆಯಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರು, ಮಾನ್ಯತೆ ಇರುವ ಶಿಕ್ಷಕ ತರಬೇತಿಯನ್ನು ಕಾಲೇಜಿಗೆ ಹೋಗಿ ಮುಗಿಸಿದವರು ಮಾತ್ರ ಅರ್ಹರು. ಅಂದರೆ ಡಿ.ಇಡಿ ಮಾಡಿ ಕೆಲಸದಲ್ಲಿರುವ ಮೇಷ್ಟ್ರು, ಮೇಡಂಗಳಿಗೆ ಇದು ಹೇಳಿ ಮಾಡಿಸಿದ ದಾರಿ.

*ಎಲ್‌ಎಲ್‌ಬಿ:* ನೌಕರರಿಗೆ ಬಹಳ ಇಷ್ಟದ ಕೋರ್ಸ್, ಬಹಳ ಜನ ಸಿಕ್ಕಿಬೀಳುವುದೂ ಇಲ್ಲೇ. ದೂರಶಿಕ್ಷಣದ ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್ ಮಾನ್ಯತೆ ಇಲ್ಲ. ರೆಗ್ಯುಲರ್ ಕೋರ್ಸ್‌ನಲ್ಲಿ ಶೇ 70 ಹಾಜರಾತಿ ಬೇಕು. ಕಾಲೇಜು ಹಾಜರಿ ಪುಸ್ತಕದಲ್ಲೂ, ಕಚೇರಿ ಹಾಜರಿ ಪುಸ್ತಕದಲ್ಲೂ ಒಂದೇ ದಿನ ಒಂದೇ ಹೊತ್ತಿಗೆ ನೀವು ಇದ್ದರೆ ಎರಡರಲ್ಲಿ ಒಂದು ಸುಳ್ಳು ಎಂದಾಯಿತು. ಯಾರೋ ಒಬ್ಬರು ಮಾಹಿತಿ ಹಕ್ಕಿನಲ್ಲಿ ಎರಡೂ ಪ್ರತಿ ತೆಗೆಸಿದರೆ ಇಲಾಖಾ ವಿಚಾರಣೆ ಗ್ಯಾರಂಟಿ. ತರಗತಿ ಸಮಯ ಕಚೇರಿ ಸಮಯಕ್ಕೆ ಅಡ್ಡ ಬರುವುದಿದ್ದರೆ ರಜೆ ಮಂಜೂರಾಗದೆ ಸೇರಬೇಡಿ.

*ಎಂಜಿನಿಯರಿಂಗ್, ವೈದ್ಯಕೀಯ ಪದವಿ:* ದೂರಶಿಕ್ಷಣದಲ್ಲಿ ಇಲ್ಲವೇ ಇಲ್ಲ. ಹಾಗೆ ಕೊಡುತ್ತೇವೆ ಎಂದರೆ ನಂಬಬೇಡಿ.

*ಪಿಎಚ್‌.ಡಿ:* ಯುಜಿಸಿಯ 2022ರ ನಿಯಮಾವಳಿ ಪ್ರಕಾರ ಕೆಲಸದಲ್ಲಿರುವವರು ಪಾರ್ಟ್-ಟೈಮ್ ಪಿಎಚ್‌.ಡಿ ಮಾಡಬಹುದು. ಅವಧಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷದವರೆಗೆ ಸಿಗುತ್ತೆ. ಮಹಿಳೆಯರಿಗೆ ಅದರ ಮೇಲೆ 2 ವರ್ಷದ ಹೆಚ್ಚುವರಿ ವಿನಾಯಿತಿ ಇದೆ. ದೂರಶಿಕ್ಷಣ ಅಥವಾ ಆನ್‌ಲೈನ್ ಪಿಎಚ್‌.ಡಿಗೆ ಅವಕಾಶ ಇಲ್ಲ.

ಪಾರ್ಟ್-ಟೈಮ್ ಪಿಎಚ್‌.ಡಿಗೆ ಕಚೇರಿಯ ಎನ್‌ಒಸಿ ಕಡ್ಡಾಯ. ಅದರಲ್ಲಿ ಮೂರು ಮಾತು ಇರಲೇಬೇಕು: ಪಾರ್ಟ್-ಟೈಮ್ ಓದಲು ಅನುಮತಿ ಇದೆ, ಸಂಶೋಧನೆಗೆ ಬೇಕಾದಷ್ಟು ಸಮಯ ಕೊಡಲು ಕರ್ತವ್ಯ ಅಡ್ಡಿ ಬರಲ್ಲ, ಅಗತ್ಯ ಬಿದ್ದರೆ ಕೋರ್ಸ್‌ವರ್ಕ್ ಮುಗಿಸಲು ಕರ್ತವ್ಯದಿಂದ ಬಿಡುಗಡೆ ಮಾಡುತ್ತೇವೆ. ‘ಆಕ್ಷೇಪಣೆ ಇರುವುದಿಲ್ಲ’ ಎಂಬ ಒಂದೇ ಸಾಲಿನ ಎನ್‌ಒಸಿ ಬರೆಸಿಕೊಂಡು ಹೋದರೆ ವಿಶ್ವವಿದ್ಯಾಲಯ ವಾಪಸ್ ಕಳಿಸುತ್ತೆ. ಕರಡನ್ನು ನೀವೇ ಟೈಪ್ ಮಾಡಿ ಕೊಟ್ಟರೆ ವಿಷಯ ನಿರ್ವಾಹಕರಿಗೂ ಸಲೀಸು.

ಪರೀಕ್ಷೆಗೆ ರಜೆ ಯಾವ ಲೆಕ್ಕದಲ್ಲಿ?

ಅನುಮತಿ ಸಿಕ್ಕಿತು ಎಂದರೆ ರಜೆ ಸಿಕ್ಕಿತು ಎಂದಲ್ಲ. ಅನುಮತಿ ಆದೇಶದಲ್ಲೇ ‘ಕಚೇರಿ ಕೆಲಸಕ್ಕೆ ಧಕ್ಕೆ ಬಾರದಂತೆ’ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತೆ. ಪರೀಕ್ಷೆ ದಿನಗಳಿಗೆ ನಿಮ್ಮ ಖಾತೆಯಲ್ಲಿರುವ ರಜೆಯನ್ನೇ ಹಾಕಬೇಕು.

ರಾಜ್ಯ ನೌಕರರ ಸಾಂದರ್ಭಿಕ ರಜೆ (ಸಿಎಲ್) ವರ್ಷಕ್ಕೆ 15 ಇತ್ತು. 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಅದು 10ಕ್ಕೆ ಇಳಿಯಿತು. ಗಳಿಕೆ ರಜೆ (ಇಎಲ್) ವರ್ಷಕ್ಕೆ 30 ದಿನ. ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಜಮೆ ಆಗುತ್ತೆ. ಬೇಸಿಗೆ, ದಸರಾ ರಜೆ ಇರುವ ಶಿಕ್ಷಕರಿಗೆ ಲೆಕ್ಕ ಬೇರೆ. ಇದಲ್ಲದೆ ಅರ್ಧ ವೇತನ ರಜೆ ಇದೆ. ಯಾವುದೂ ಉಳಿದಿಲ್ಲದಿದ್ದರೆ ಸಂಬಳವಿಲ್ಲದ ಅಸಾಧಾರಣ ರಜೆ ಕೊನೆಯ ದಾರಿ. ಅದರಿಂದ ವಾರ್ಷಿಕ ಬಡ್ತಿ, ಪಿಂಚಣಿ ಲೆಕ್ಕಕ್ಕೆ ಪೆಟ್ಟು ಬೀಳಬಹುದು. ಮೊದಲೇ ಸಿಬ್ಬಂದಿ ಶಾಖೆಯಲ್ಲಿ ಕೇಳಿ.

ಒಂದು ಉಪಾಯ: ಪರೀಕ್ಷೆ ವೇಳಾಪಟ್ಟಿ ಬಂದ ದಿನವೇ ರಜೆ ಅರ್ಜಿ ಕೊಡಿ, ವೇಳಾಪಟ್ಟಿ ಲಗತ್ತಿಸಿ. ಚುನಾವಣೆ, ಜನಗಣತಿ, ಎಸ್‌ಎಸ್‌ಎಲ್‌ಸಿ ಪರೀಕ್ಷೆ ಡ್ಯೂಟಿ ಆದೇಶ ಬಂದ ಮೇಲೆ ರಜೆ ಕೇಳಿದರೆ ಯಾರೂ ಕೊಡಲ್ಲ.

ಸಂಬಳ ಸಮೇತ ಓದು: ರಾಜ್ಯ ನೌಕರರಿಗೆ

ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆಸಿಎಸ್‌ಆರ್) ಅಡಿಯಲ್ಲಿ ನೌಕರರನ್ನು ಉನ್ನತ ವ್ಯಾಸಂಗಕ್ಕೆ ನಿಯೋಜಿಸಲು ಅವಕಾಶ ಇದೆ. ಆದರೆ ಇದು ಹಕ್ಕಲ್ಲ. ಆ ಓದಿನಿಂದ ಇಲಾಖೆಗೆ ಪ್ರಯೋಜನ ಇದೆ ಎಂದು ಇಲಾಖೆಗೆ ಅನ್ನಿಸಬೇಕು. ಆದ್ದರಿಂದಲೇ ಇದರ ಲಾಭ ಹೆಚ್ಚಾಗಿ ಸಿಗುವುದು ವೈದ್ಯರು, ಎಂಜಿನಿಯರ್‌ಗಳು, ಕೃಷಿ ಅಧಿಕಾರಿಗಳು, ಉಪನ್ಯಾಸಕರಂಥ ತಾಂತ್ರಿಕ, ಬೋಧಕ ಹುದ್ದೆಯವರಿಗೆ. ಗುಮಾಸ್ತರು, ಗ್ರಾಮ ಆಡಳಿತ ಅಧಿಕಾರಿಗಳು, ಕಾನ್ಸ್‌ಟೇಬಲ್‌ಗಳು ‘ನನ್ನ ಓದು ಕಚೇರಿಗೆ ಹೇಗೆ ಉಪಯೋಗ’ ಎಂದು ವಾದಿಸಿ ಗೆಲ್ಲುವುದು ಕಷ್ಟ. ಓದಿನ ಅಗತ್ಯ ಅವರಿಗೇ ಜಾಸ್ತಿ, ನೆರವು ಅವರಿಗೇ ಕಡಿಮೆ ಎಂಬುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ವೈದ್ಯರ ವಿಷಯದಲ್ಲಿ ಒಂದು ಮುಖ್ಯ ತೀರ್ಪಿದೆ. ಸೇವೆಯಲ್ಲಿರುವ ಸರ್ಕಾರಿ ವೈದ್ಯರಿಗೆ ಸ್ನಾತಕೋತ್ತರ ವೈದ್ಯಕೀಯ ಸೀಟುಗಳಲ್ಲಿ ಪ್ರತ್ಯೇಕ ಪಾಲು ಇಡುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2020ರ ಆಗಸ್ಟ್ 31ರಂದು ಹೇಳಿತು. ಹಾಗೆ ಸೀಟು ಪಡೆದವರು ಓದಿನ ನಂತರ ನಿಗದಿತ ವರ್ಷ ಸರ್ಕಾರಿ ಸೇವೆ ಮಾಡುವಂತೆ ರಾಜ್ಯಗಳು ಬಾಂಡ್ ಬರೆಸಿಕೊಳ್ಳಬೇಕು ಎಂದೂ ಹೇಳಿತು. ಹಳ್ಳಿ ಆಸ್ಪತ್ರೆಗೆ ತಜ್ಞ ವೈದ್ಯರು ಬರಬೇಕಾದರೆ ಅಲ್ಲೇ ಇರುವ ವೈದ್ಯರನ್ನು ಓದಿಸುವುದೂ ಒಂದು ದಾರಿ ಎಂಬುದು ಇದರ ಹಿಂದಿನ ಲೆಕ್ಕ.

ಕೇಂದ್ರ ನೌಕರರಿಗೆ ಅಧ್ಯಯನ ರಜೆ

ಅಂಚೆ ಇಲಾಖೆ, ಆದಾಯ ತೆರಿಗೆ, ಶ್ರೀರಂಗಪಟ್ಟಣದ ಸ್ಮಾರಕಗಳನ್ನು ನೋಡಿಕೊಳ್ಳುವ ಪುರಾತತ್ವ ಇಲಾಖೆ ಮುಂತಾದ ಕಡೆ ಕೆಲಸ ಮಾಡುವವರಿಗೆ 1972ರ ಕೇಂದ್ರ ನಾಗರಿಕ ಸೇವಾ (ರಜೆ) ನಿಯಮಗಳು ಅನ್ವಯ. ಅದರಲ್ಲಿ ಅಧ್ಯಯನ ರಜೆ ವಿವರವಾಗಿದೆ:

- ಪ್ರೊಬೇಷನ್ ಸೇರಿ ಕನಿಷ್ಠ 5 ವರ್ಷದ ನಿರಂತರ ಸೇವೆ ಆಗಿರಬೇಕು.
- ಓದು ನಿಮ್ಮ ಕರ್ತವ್ಯಕ್ಕೆ ನೇರ, ನಿಕಟ ಸಂಬಂಧ ಹೊಂದಿರಬೇಕು.
- ಸಾಮಾನ್ಯವಾಗಿ ಒಂದು ಸಲಕ್ಕೆ 12 ತಿಂಗಳು, ಇಡೀ ಸೇವೆಯಲ್ಲಿ 24 ತಿಂಗಳು. ಬೇರೆ ರಜೆ ಸೇರಿಸಿದರೆ ಒಟ್ಟು ಗೈರು 28 ತಿಂಗಳು ಮೀರಬಾರದು, ಪಿಎಚ್‌.ಡಿಗೆ 36 ತಿಂಗಳು. ಕೇಂದ್ರ ಆರೋಗ್ಯ ಸೇವೆಯ ವೈದ್ಯರಿಗೆ ಸ್ನಾತಕೋತ್ತರ ಓದಿಗೆ 36 ತಿಂಗಳ ಅಧ್ಯಯನ ರಜೆ ಇದೆ.
- ರಜೆ ಮುಗಿಸಿ ಬಂದ ಮೇಲೆ 3 ವರ್ಷದೊಳಗೆ ನಿವೃತ್ತಿ ಆಗುವವರಿಗೆ ಸಿಗಲ್ಲ.
- ಭಾರತದಲ್ಲಿ ಓದಿದರೆ ರಜೆಗೆ ಮೊದಲು ಬರುತ್ತಿದ್ದ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಸಿಗುತ್ತೆ. ಸ್ಕಾಲರ್‌ಶಿಪ್ ಬಂದರೆ ಹೊಂದಿಸಿಕೊಳ್ಳುತ್ತಾರೆ.
- ಈ ರಜೆಯನ್ನು ನಿಮ್ಮ ರಜೆ ಖಾತೆಯಿಂದ ಕಳೆಯಲ್ಲ. ಬಡ್ತಿ, ಪಿಂಚಣಿ, ಜ್ಯೇಷ್ಠತೆಗೆ ಸೇವೆ ಎಂದೇ ಲೆಕ್ಕ.
- ಫೀಸು ಸಾಮಾನ್ಯವಾಗಿ ನೀವೇ ಕಟ್ಟಬೇಕು.

ರೈಲ್ವೆ ನೌಕರರಿಗೆ ಈ ನಿಯಮ ಅಲ್ಲ, ರೈಲ್ವೆಯದ್ದೇ ಬೇರೆ ನಿಯಮ. ಗ್ರಾಮೀಣ ಡಾಕ್ ಸೇವಕರಿಗೂ ಪ್ರತ್ಯೇಕ ನಿಯಮಗಳಿವೆ.

ಬಾಂಡ್: ಸಹಿ ಹಾಕುವ ಮೊದಲು ಲೆಕ್ಕ ಹಾಕಿ

ಸಂಬಳ ಕೊಟ್ಟು ಓದಿಸಿದರೆ ಬಾಂಡ್ ಇದ್ದೇ ಇರುತ್ತೆ. ಕೇಂದ್ರದ ಅಧ್ಯಯನ ರಜೆಗೆ ವಾಪಸ್ ಬಂದ ಮೇಲೆ ಸಾಮಾನ್ಯವಾಗಿ 3 ವರ್ಷ ಸೇವೆ ಮಾಡಬೇಕು. ಮಧ್ಯೆ ರಾಜೀನಾಮೆ ಕೊಟ್ಟರೆ ಅಥವಾ ಕೋರ್ಸನ್ನೇ ಮುಗಿಸದಿದ್ದರೆ ರಜೆ ಅವಧಿಯ ಸಂಬಳ, ಸರ್ಕಾರ ಮಾಡಿದ ಖರ್ಚು, ಮೇಲೆ ಬಡ್ಡಿ ಸೇರಿ ವಾಪಸ್ ಕಟ್ಟಬೇಕು. ಉದಾಹರಣೆಗೆ ತಿಂಗಳಿಗೆ ₹60,000 ಸಂಬಳದವರು 24 ತಿಂಗಳು ರಜೆ ಪಡೆದಿದ್ದರೆ ಬಡ್ಡಿ ಬಿಟ್ಟು ₹14.40 ಲಕ್ಷ. ರಾಜ್ಯದಲ್ಲಿ ನಿಯೋಜನೆ ಮೇಲೆ ಹೋಗುವವರ ಬಾಂಡ್ ಷರತ್ತು ಅವರವರ ಆದೇಶದಲ್ಲೇ ಇರುತ್ತೆ. ಪ್ರತಿ ಸಾಲು ಓದಿ. ಜಾಮೀನುದಾರರಾಗಿ ಸಹಿ ಹಾಕುವ ಸಹೋದ್ಯೋಗಿಗೂ ಓದಿಸಿ, ನೀವು ಬಿಟ್ಟು ಹೋದರೆ ಅವರನ್ನೂ ಕೇಳುತ್ತಾರೆ.

ಪದವಿ ಪಡೆದರೆ ನಗದು: ಕೇಂದ್ರ ನೌಕರರಿಗೆ

ಸೇವೆಗೆ ಸೇರಿದ ಮೇಲೆ ಹೆಚ್ಚಿನ ವಿದ್ಯಾರ್ಹತೆ ಪಡೆದವರಿಗೆ ಒಂದು ಸಲ ಕೊಡುವ ಪ್ರೋತ್ಸಾಹಧನವನ್ನು ಕೇಂದ್ರ ಸಿಬ್ಬಂದಿ ಇಲಾಖೆ 2019ರ ಮಾರ್ಚ್‌ನಲ್ಲಿ ಹೀಗೆ ನಿಗದಿ ಮಾಡಿತು:

- 3 ವರ್ಷ ಅಥವಾ ಕಡಿಮೆ ಅವಧಿಯ ಪದವಿ/ಡಿಪ್ಲೊಮಾ: ₹10,000
- 3 ವರ್ಷಕ್ಕಿಂತ ಹೆಚ್ಚಿನ ಪದವಿ/ಡಿಪ್ಲೊಮಾ: ₹15,000
- 1 ವರ್ಷ ಅಥವಾ ಕಡಿಮೆ ಅವಧಿಯ ಸ್ನಾತಕೋತ್ತರ ಪದವಿ/ಡಿಪ್ಲೊಮಾ: ₹20,000
- 1 ವರ್ಷಕ್ಕಿಂತ ಹೆಚ್ಚಿನ ಸ್ನಾತಕೋತ್ತರ ಪದವಿ/ಡಿಪ್ಲೊಮಾ: ₹25,000
- ಪಿಎಚ್‌.ಡಿ: ₹30,000

ಷರತ್ತುಗಳಿವೆ. ಓದು ಕೆಲಸಕ್ಕೆ ಸಂಬಂಧಿಸಿರಬೇಕು, ಬರೀ ಸಾಹಿತ್ಯ ಅಥವಾ ಶುದ್ಧ ಶೈಕ್ಷಣಿಕ ವಿಷಯಕ್ಕೆ ಇಲ್ಲ. ಹುದ್ದೆಗೆ ಮೊದಲೇ ಕೇಳಿದ್ದ ವಿದ್ಯಾರ್ಹತೆಗೆ ಇಲ್ಲ. ಅಧ್ಯಯನ ರಜೆ ಪಡೆದು ಓದಿದವರಿಗೆ, ಸರ್ಕಾರವೇ ಕಳಿಸಿದವರಿಗೆ ಇಲ್ಲ. ಇಡೀ ಸೇವೆಯಲ್ಲಿ ಎರಡೇ ಸಲ, ನಡುವೆ ಕನಿಷ್ಠ 2 ವರ್ಷ ಅಂತರ ಇರಬೇಕು.

ಪದವಿ ಬಂತು, ಬಡ್ತಿ ಬರುತ್ತಾ?

ತಾನಾಗೇ ಬರಲ್ಲ. ಬಡ್ತಿ ನಡೆಯುವುದು ಆಯಾ ಇಲಾಖೆಯ ವೃಂದ ಮತ್ತು ನೇಮಕಾತಿ (ಸಿ ಅಂಡ್ ಆರ್) ನಿಯಮದ ಪ್ರಕಾರ. ಅದಕ್ಕೆ ನಮ್ಮ ಪ್ರಾಥಮಿಕ ಶಿಕ್ಷಕರ ಉದಾಹರಣೆಯೇ ಸಾಕು. 2017ರ ನಿಯಮದಲ್ಲಿ 1ರಿಂದ 5 ಮತ್ತು 6ರಿಂದ 8ನೇ ತರಗತಿ ಶಿಕ್ಷಕರನ್ನು ಬೇರೆ ಬೇರೆ ವೃಂದ ಮಾಡಲಾಯಿತು. ಸೇವೆಯಲ್ಲಿದ್ದು ಪದವಿ, ಬಿ.ಇಡಿ ಮುಗಿಸಿದ ಶಿಕ್ಷಕರು ‘ನಮ್ಮನ್ನೂ ಪದವೀಧರ ಶಿಕ್ಷಕರೆಂದು ಪರಿಗಣಿಸಿ’ ಎಂದು ಹೋರಾಡುತ್ತಲೇ ಬಂದಿದ್ದಾರೆ. ಅದಕ್ಕೇ ಕೋರ್ಸ್ ಆರಿಸುವ ಮೊದಲು ನಿಮ್ಮ ಮುಂದಿನ ಹುದ್ದೆಗೆ ಸಿ ಅಂಡ್ ಆರ್‌ನಲ್ಲಿ ಯಾವ ವಿದ್ಯಾರ್ಹತೆ ಕೇಳಿದ್ದಾರೆ, ಯಾವ ವಿಷಯ ಕೇಳಿದ್ದಾರೆ ಎಂದು ನೋಡಿ.

ಅತಿಥಿ ಶಿಕ್ಷಕರು, ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್‌ಗಳು, ಆಶಾ ಕಾರ್ಯಕರ್ತೆಯರು ಮುಂತಾದವರು ಈ ಯಾವ ನಿಯಮದೊಳಗೂ ಬರಲ್ಲ. ಅವರಿಗೆ ಅಧ್ಯಯನ ರಜೆಯೂ ಇಲ್ಲ, ನಿಯೋಜನೆಯೂ ಇಲ್ಲ. ದೂರಶಿಕ್ಷಣ ಒಂದೇ ದಾರಿ.

ಅರ್ಜಿ ಕೊಟ್ಟು ತಿಂಗಳಾಯ್ತು, ಉತ್ತರವೇ ಇಲ್ಲ ಅಂದ್ರೆ?

ಮೊದಲು ಲಿಖಿತ ನೆನಪೋಲೆ ಕೊಡಿ. ಆಮೇಲೂ ಕದಲದಿದ್ದರೆ ‘ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಟಿಪ್ಪಣಿ ಹಾಳೆಯ ಪ್ರತಿ ಕೊಡಿ’ ಎಂದು ₹10 ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು. ಎಷ್ಟೋ ಕಡತ ಈ ಒಂದು ಅರ್ಜಿಗೇ ಎದ್ದು ನಡೆಯುತ್ತವೆ. ಕಾರಣವಿಲ್ಲದೆ ತಿರಸ್ಕರಿಸಿದರೆ ರಾಜ್ಯ ನೌಕರರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ (ಕೆಎಟಿ), ಕೇಂದ್ರ ನೌಕರರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ (ಸಿಎಟಿ) ಹೋಗಬಹುದು. ಅಂತಿಮ ಆದೇಶ ಬಂದ 1 ವರ್ಷದೊಳಗೆ ಹೋಗಬೇಕು.

ಮಾದರಿ ಅರ್ಜಿ

ಇವರಿಗೆ: (ನೇಮಕಾತಿ ಅಥವಾ ಸಕ್ಷಮ ಪ್ರಾಧಿಕಾರದ ಪದನಾಮ)
ಮೂಲಕ: (ಕಚೇರಿ ಮುಖ್ಯಸ್ಥರ ಪದನಾಮ)
ವಿಷಯ: ಉನ್ನತ ವ್ಯಾಸಂಗಕ್ಕೆ ಪೂರ್ವಾನುಮತಿ ನೀಡುವ ಬಗ್ಗೆ.

ಮಾನ್ಯರೇ, ನಾನು ಈ ಕಚೇರಿಯಲ್ಲಿ ______ ಹುದ್ದೆಯಲ್ಲಿ ದಿನಾಂಕ ______ ರಿಂದ ಕರ್ತವ್ಯ ನಿರ್ವಹಿಸುತ್ತಿದ್ದೇನೆ. ನನ್ನ ಪರೀಕ್ಷಾರ್ಥ ಅವಧಿ ತೃಪ್ತಿಕರವೆಂದು ಆದೇಶ ಸಂಖ್ಯೆ ______ ರಲ್ಲಿ ಘೋಷಣೆಯಾಗಿದೆ. ______ ವಿಶ್ವವಿದ್ಯಾಲಯದ ______ ಕೋರ್ಸ್‌ಗೆ (ಅವಧಿ ___ ವರ್ಷ, ದೂರಶಿಕ್ಷಣ/ಪಾರ್ಟ್-ಟೈಮ್) ಸೇರಲು ಇಚ್ಛಿಸಿದ್ದೇನೆ. ತರಗತಿಗಳು ______ ದಿನ, ______ ಸಮಯಕ್ಕೆ ನಡೆಯುತ್ತವೆ. ಕಚೇರಿ ಕೆಲಸಕ್ಕೆ ಅಡ್ಡಿಯಾಗದಂತೆ ವ್ಯಾಸಂಗ ಮಾಡುತ್ತೇನೆ, ಪರೀಕ್ಷಾ ದಿನಗಳಿಗೆ ನನ್ನ ಖಾತೆಯಲ್ಲಿರುವ ರಜೆ ಬಳಸಿಕೊಳ್ಳುತ್ತೇನೆ. ಪೂರ್ವಾನುಮತಿ ನೀಡಬೇಕೆಂದು ಕೋರುತ್ತೇನೆ.
ಲಗತ್ತು: ಪರೀಕ್ಷಾರ್ಥ ಅವಧಿ ಘೋಷಣೆ ಆದೇಶ, ಕೋರ್ಸ್ ಪ್ರಕಟಣೆ, ಯುಜಿಸಿ ಮಾನ್ಯತೆ ಪ್ರತಿ.

ಪಾಸಾದ ಮೇಲೆ ಒಂದು ಕೆಲಸ ಬಾಕಿ ಇರುತ್ತೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಅನುಮತಿ ಆದೇಶ ಮೂರನ್ನೂ ಸೇರಿಸಿ ಅರ್ಜಿ ಕೊಟ್ಟು ಸೇವಾ ಪುಸ್ತಕದಲ್ಲಿ ನಮೂದು ಮಾಡಿಸಿ, ಮೇಲಧಿಕಾರಿ ಸಹಿ ಬಿದ್ದ ಆ ಪುಟದ ಜೆರಾಕ್ಸ್ ಮನೆಯಲ್ಲಿಟ್ಟುಕೊಳ್ಳಿ.